ಒಂದು ನಿಮಿಷದ ನೋವು

ಬಾಯಲ್ಲಿ ಹೇಳಿದ ನೋವನ್ನು ನಂಬುವ ಕಾಲ ಮುಗಿದಿತ್ತು. ಈಗ ವೈದ್ಯರು ರೋಗಿಗೂ ತಮಗೂ ನಡುವೆ ತಂತಿ ಕಟ್ಟಿಕೊಂಡು ಅವನ ನೋವನ್ನು ಒಂದು ನಿಮಿಷ ತಾವೇ ಅನುಭವಿಸಿ ಸರ್ಟಿಫಿಕೇಟ್ ಬರೆಯಬೇಕು. ಬಸ್ ಡ್ರೈವರ್ ಹುಲಗಪ್ಪನಿಗೆ ಬೇಕಿದ್ದುದು ಕುಲುಕುವ ಸೀಟಿನಿಂದ ಬಿಡುಗಡೆ, ಡಿಪೋದೊಳಗೆ ನಿಂತು ಮಾಡುವ ಒಂದು ಕೆಲಸ.

"ಎಲ್ಲೈತಿ ನೋವು?" ಡಿಪೋ ವೈದ್ಯ ವಿರೂಪಾಕ್ಷಯ್ಯ ಕೇಳಿದರು.

"ಬೀಜದಾಗ್ರೀ ಸಾಹೇಬ್ರ. ಮೂರು ವರ್ಷಾತು."

ಸಾಲಿನಲ್ಲಿದ್ದ ಕಂಡಕ್ಟರ್ ಕಿಸಕ್ಕನೆ ನಕ್ಕ. "ಹುಲಗಣ್ಣಾ, ಹಲ್ಲುನೋವು ಅಂದಿದ್ರ ಮರ್ಯಾದಿಯಾರ ಉಳಿತಿತ್ತಲ್ಲೋ!"

"ನೋವಿಗೆ ಮರ್ಯಾದಿ ಗೊತ್ತಿದ್ರ ಅಲ್ಲಿಗೇ ಹೋಗಿ ಕುಂದರ್ತಿತ್ತೇನಲೇ?"

ವೈದ್ಯರು ಮುಖ ಸಿಂಡರಿಸಿ ತಂತಿ ಕಟ್ಟಿಕೊಂಡರು. ಹತ್ತು ಸೆಕೆಂಡಿಗೆ ಮೇಜು ಹಿಡಿದರು. ಇಪ್ಪತ್ತಕ್ಕೆ "ಯವ್ವಾ!" ಎಂದು ತಂತಿ ಕಿತ್ತೆಸೆದು, ತೊಡೆಸಂದು ಒತ್ತಿಕೊಂಡು ನೆಲಕ್ಕೆ ಕುಸಿದರು. ಹುಲಗಪ್ಪನ ಕಣ್ಣಲ್ಲಿ ನೀರಾಡಿತು. ಮೂರು ವರ್ಷಗಳಲ್ಲಿ ಅವನನ್ನು ನಂಬಿದ ಮೊದಲ ಮನುಷ್ಯ ಇವರೇ.

ಸುಧಾರಿಸಿಕೊಂಡ ವೈದ್ಯರು ಮೊದಲು ತಮಗೊಂದು ವಾರದ ರಜೆ ಬರೆದುಕೊಂಡರು. ಆಮೇಲೆ ಹುಲಗಪ್ಪನ ಅರ್ಜಿಯ ಮೇಲೆ ಬರೆದರು: "ನೋವು ನಿಜ. ಮೂರು ವರ್ಷ ಸಹಿಸಿರುವುದರಿಂದ ಅಭ್ಯಾಸವಾಗಿದೆ. ಬಸ್ ಓಡಿಸಲು ಅರ್ಹ."