ಎಂಟನೆಯ ಹಾಳೆ

ಪಂಚಾಕ್ಷರಪ್ಪ ಸೊರಬದ ಬಸ್ಸಿಳಿದು ಶಿಕಾರಿಪುರದ ತನ್ನ ಮನೆ ಸೇರುವ ಹೊತ್ತಿಗೆ ಅತ್ತೆ ಮಹಾದೇವಮ್ಮ ಎಕ್ಸ್‌ರೇ ಹಾಳೆಗಳನ್ನೆಲ್ಲ ತೊಳೆದು, ಹಿತ್ತಲಿನ ಹಗ್ಗಕ್ಕೆ ಸಾಲಾಗಿ ಸಿಕ್ಕಿಸಿಬಿಟ್ಟಿದ್ದರು. ಬೆಳಗ್ಗೆ ಕರ್ರಗಿದ್ದವು ಈಗ ಆಚೆಯ ಬೇಲಿ ಕಾಣುವಷ್ಟು ತಿಳಿಯಾಗಿದ್ದವು. ಅವನಿಗೆ ಖುಷಿಯೋ ಖುಷಿ. ಸುಮ್ಮನೆ ಎಣಿಸಿದ. ಕಾಂಪೌಂಡರ್ ಕೊಟ್ಟದ್ದು ಏಳು. ಹಗ್ಗದ ಮೇಲೆ ಎಂಟು.

ಮತ್ತೆ ಎಣಿಸಿದ. ಎಂಟೇ.

ಅವನದು ಗೋಣಿಚೀಲದ ಮೇಲೆ ಅಕ್ಕಿ ಮಿಲ್ಲಿನ ಹೆಸರು ಹೊಡೆಯುವ ಕೆಲಸ. ಅಕ್ಷರ ಕೊರೆದ ಅಚ್ಚನ್ನು ಚೀಲದ ಮೇಲಿಟ್ಟು ಬಣ್ಣದ ಬ್ರಷ್ ಆಡಿಸಿದರೆ ಮುಗಿಯಿತು. ಮುಗಿಯಬೇಕಲ್ಲ! ರಟ್ಟಿನ ಅಚ್ಚು ಇಪ್ಪತ್ತು ಚೀಲಕ್ಕೇ ಬಣ್ಣ ಕುಡಿದು ಉಬ್ಬುತ್ತಿತ್ತು. ಸೀಮೆಎಣ್ಣೆ ಡಬ್ಬದ ತಗಡಿನಲ್ಲಿ ಕೊರೆದದ್ದು ಎರಡೇ ವಾರಕ್ಕೆ ಸೊಟ್ಟಗಾಗಿ ತುಕ್ಕು ಹಿಡಿಯಿತು, ಸಾಲದ್ದಕ್ಕೆ ಕೈಯನ್ನೂ ಕೊಯ್ಯಿತು. ಸೊರಬದ ಮಿಲ್ ಸಾಹುಕಾರರಿಗೋ ತಾಳ್ಮೆ ಅನ್ನುವುದು ಹುಟ್ಟಿನಿಂದಲೇ ಇಲ್ಲ. "ಒಂದು ಸುಗ್ಗಿ ಪೂರ್ತಿ ಬಾಳೋ ಅಚ್ಚು ತಂದ್ರೆ ಕೆಲಸ ನಿಂದು. ಇಲ್ಲಾಂದ್ರೆ ದಾವಣಗೆರೆಯೋರಿಗೆ ಹೇಳ್ತೀನಿ" ಎಂದುಬಿಟ್ಟಿದ್ದರು. ಆಗ ದಾರಿ ತೋರಿಸಿದವನು ಕಾಂಪೌಂಡರ್ ಕೆಂಪಪ್ಪ. ಶಿವಮೊಗ್ಗದಿಂದ ಹಳೇ ಎಕ್ಸ್‌ರೇ ಹಾಳೆ ತರಿಸಿಕೊಟ್ಟ. ಬಿಸಿ ಸೋಡಾ ನೀರಲ್ಲಿ ನೆನೆಹಾಕಿ, ಕಪ್ಪು ತೆಗೆದು, ಅಕ್ಷರ ಕೊರೆದರೆ ವರ್ಷಗಟ್ಟಲೆ ಮುಕ್ಕಾಗುವುದಿಲ್ಲವಂತೆ.

"ಅತ್ತೆ, ಇವು ಎಂಟು ಹ್ಯಾಂಗಾದವು?"

"ಅಯ್ಯ, ನಿಮ್ಮ ಪೆಟ್ಟಿಗೆ ಹಿಂದೆ ಒಂದು ಉಳಿದಿತ್ತಲ್ರಿ ಅಳಿಯಂದ್ರೆ! ಮರ್ತು ಹೋಗಿದ್ರಿ. ಅದನ್ನೂ ಹಾಕ್ದೆ." ಮಹಾದೇವಮ್ಮನ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ಒಂದಿಷ್ಟು ಗೆಲುವಿತ್ತು.

ಪಂಚಾಕ್ಷರಪ್ಪ ಬಾವಿಕಟ್ಟೆಯ ಮೇಲೆ ಕುಸಿದು ಕೂತ.

ಅದು ನೀಲಾಂಬಿಕ. ಹೋದ ವರ್ಷ ಕ್ಷಯದಲ್ಲಿ ತೀರಿಕೊಂಡ ಅವನ ಹೆಂಡತಿ. ಶಿವಮೊಗ್ಗದಲ್ಲಿ ಎಕ್ಸ್‌ರೇ ತೆಗೆಯುವಾಗ ಕೊರಳಿನ ಲಿಂಗ ತೆಗೆದಿಡಲು ಹೇಳಿದರೆ, "ಪ್ರಾಣ ಹೋದ್ರೂ ತೆಗೆಯಾಕಿಲ್ಲ" ಎಂದು ಹಟ ಹಿಡಿದಿದ್ದಳು. ಹಾಗಾಗಿ ಹಾಳೆಯಲ್ಲಿ ಎಲುಬಿನ ಸಾಲಿನ ನಡುವೆ ಲಿಂಗದ ಬೆಳ್ಳಿ ಕರಡಿಗೆ ದುಂಡಗೆ, ಬೆಳ್ಳಗೆ ಮೂಡಿತ್ತು. ಭೂಮಿಯ ಮೇಲೆ ಅವಳದೆಂದು ಉಳಿದಿದ್ದ ಚಿತ್ರ ಅದೊಂದೇ. ಮದುವೆಯಲ್ಲಿ ಫೋಟೋ ತೆಗೆಸೋಣವೆಂದರೆ, "ಮುಂದೆ ತೆಗೆಸಿದ್ರಾತು" ಎಂದವನು ಇವನೇ. ಯಾರೂ ಇಲ್ಲದಾಗ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಅಳುತ್ತಿದ್ದ.

"ನನ್ನ ಮಗಳದೊಂದು ಪಟ ಇದ್ದಿದ್ರೆ ಅದನ್ನಾದ್ರೂ ನೋಡ್ಕೋತ ಇರ್ತಿದ್ದೆ" ಎಂದು ಮಹಾದೇವಮ್ಮ ಎಷ್ಟು ಸಲ ನಿಟ್ಟುಸಿರು ಬಿಟ್ಟಿರಲಿಲ್ಲ! ಪ್ರತಿ ಸಲವೂ ಮಾತು ಅವನ ಬಾಯಿತನಕ ಬಂದು ವಾಪಸು ಹೋಗುತ್ತಿತ್ತು. ಹೆತ್ತವಳಿಗೆ ಎಲುಬು ತೋರಿಸಿ, ಇವಳೇ ನೋಡಿ ನಿಮ್ಮ ಮಗಳು ಅನ್ನುವುದು ಹೇಗೆ?

"ಏಳು ಹಾಳೆ ಸರಾಗ ಬಿಟ್ವು," ಮಹಾದೇವಮ್ಮ ಹೇಳುತ್ತಲೇ ಇದ್ದರು. "ಒಂದು ಮಾತ್ರ ಭಾಳ ಮೊಂಡು ನೋಡ್ರಿ. ನಡುವೆ ಒಂದು ಬಿಳೇ ಗುಂಡು ಇತ್ತು. ಅದರ ಸುತ್ತ ಕಪ್ಪು ಬಿಡಲೊಲ್ಲೆ ಅಂತು. ಅಂಗೈಲೇ ತಿಕ್ಕಿ ತಿಕ್ಕಿ ತೆಗೆದೆ."

"ಅದು ಇದರಾಗೆ ಯಾವುದು ಅತ್ತೆ?"

"ಯಾವುದೋ ಏನೋ! ಎಲ್ಲಾ ಒಂದೇ ಸಮ ಬಂದಾವಲ್ಲ."

ಅವನು ಎದ್ದು ಒಂದೊಂದನ್ನೇ ಬೆಳಕಿಗೆ ಹಿಡಿದ. ಎಲ್ಲದರಲ್ಲೂ ಅದೇ ಬೇಲಿ, ಅದೇ ಆಕಾಶ. ಸಾಹುಕಾರರು ಹೇಳಿದ್ದು ನಾಡಿದ್ದಕ್ಕೆ. ನಾಳೆ ಬೆಳಗಾದರೆ ಚಾಕು ಹಿಡಿಯಲೇಬೇಕು, ಈ ಎಂಟರಲ್ಲಿ ಯಾವುದರ ಮೇಲಾದರೂ.

"ಯಾಕ್ರಿ, ಮುಖ ಹಿಂಗ್ ಮಾಡ್ಕೊಂಡ್ರಿ? ತಪ್ಪಾತೇನು?"

"ಇಲ್ಲತ್ತೆ. ಚಲೋ ತೊಳದೀರಿ."

ಮಹಾದೇವಮ್ಮನಿಗೆ ಸಮಾಧಾನವಾಯಿತು. ಸೆರಗು ಸಿಕ್ಕಿಸಿಕೊಂಡು ಹಂಡೆಯ ಕಡೆ ನಡೆದರು. ತಂಬಿಗೆ ಎತ್ತಿದ ಅವರ ಕೈ ಅವನ ಕಣ್ಣಿಗೆ ಬಿತ್ತು. ಅಂಗೈಯ ಗೆರೆಗಳಲ್ಲಿ, ಉಗುರಿನ ಸಂದಿಯಲ್ಲಿ ಕಪ್ಪು ಇನ್ನೂ ಮೆತ್ತಿಕೊಂಡಿತ್ತು.

"ಅತ್ತೆ," ಎಂದು ಕೂಗಿದ ಪಂಚಾಕ್ಷರಪ್ಪ, "ಕೈ ತೊಳೀಬ್ಯಾಡ್ರಿ!"