ದೊಡ್ಡ ಕಾರ್ಬುರೇಟರ್

ಬೆಟ್ಟದ ರಸ್ತೆಯಲ್ಲಿ ಹಿಂದೆ ಬರುವ ಬಸ್ಸಿನ ಡ್ರೈವರ್ ನಿಮಗೆ ಯಾವತ್ತಾದರೂ ಕೈಮುಗಿದಿದ್ದಾನಾ? ನನಗೆ ಮುಗಿದಿದ್ದಾನೆ.

"ಭಾನುವಾರ ಈ ಹಳೇ ಕಾರು ಬೆಟ್ಟ ಹತ್ತಲಿಲ್ಲ ಅಂದ್ರೆ, ಸೋಮವಾರ ಗುಜರಿಗೆ," ಅಂದಿದ್ದರು ಅಪ್ಪ.

"ವಯಸ್ಸಾಗಿರೋದು ಕಾರಿಗೆ ಅಪ್ಪಾಜಿ, ಓಡ್ಸೋನಿಗಲ್ಲ."

ಎಂಜಿನ್‌ಗೆ ಬಲ ಬರಲಿ ಅಂತ ನಾನು ಗುಜರಿಯೆಲ್ಲ ಜಾಲಾಡಿ ಒಂದು ದೊಡ್ಡ ಕಾರ್ಬುರೇಟರ್ ತಂದೆ. ಮೆಕ್ಯಾನಿಕ್ ದಸ್ತಗೀರ್ ಸಾಬರು ಅದನ್ನು ತಿರುಗಿಸಿ ನೋಡಿದರು.

"ಇದು ಈ ಎಂಜಿನ್‌ಗೆ ಕೂರಲ್ಲ ಮರಿ. ನಿನ್ ಕಾರಲ್ಲಿ ಬಲ ಉಳ್ದಿರೋದು ಒಂದೇ ಗೇರಲ್ಲಿ. ಕಿವಿ ಕೊಡು, ಹೇಳ್ತೀನಿ."

ಭಾನುವಾರ ಕಾರು ಎಲ್ಲೂ ನಿಲ್ಲದೆ ಬೆಟ್ಟ ಹತ್ತಿತು. ತುದಿಯಲ್ಲಿ ಕಾದಿದ್ದ ಅಪ್ಪ ಕಾರಿಗೆ ಒಂದು ಸುತ್ತು ಬಂದರು.

"ಮಾತಂದ್ರೆ ಮಾತು, ಇಟ್ಕೋ. ಆದ್ರೆ ಇದರ ಮೂತಿ ಯಾಕ್ಲಾ ಕೆಳಗೆ ನಮ್ಮೂರ ಕಡೆಗೈತೆ?"

ಒಪ್ಪಿಕೊಳ್ಳುತ್ತೇನೆ: ಕಾರ್ಬುರೇಟರ್ ಇನ್ನೂ ಡಿಕ್ಕಿಯಲ್ಲೇ ಇದೆ, ಅಷ್ಟೂ ತಿರುವು ಹತ್ತಿಸಿದ್ದು ರಿವರ್ಸ್ ಗೇರಿನಲ್ಲಿ.