ಮಾತು ಕೇಳುವ ಮರಿ

ಪೊಲೀಸ್ ಪೇದೆ ಲಗಮಪ್ಪನನ್ನು ಸಾಹೇಬರ ಮನೆಗೆಲಸಕ್ಕೆ ಹಾಕಿ ಎಂಟು ತಿಂಗಳಾಗಿತ್ತು. ಖಾಕಿ ಬಟ್ಟೆ ಟ್ರಂಕಿನಲ್ಲಿತ್ತು. ಅವನು ಇಲ್ಲಿ ಪಾತ್ರೆ ತೊಳೆಯುತ್ತಾನೆಂದು ಊರಲ್ಲಿದ್ದ ಹೆಂಡತಿಗೆ ಗೊತ್ತಿರಲಿಲ್ಲ. ಸ್ಟೇಷನ್ನಿಗೆ ವಾಪಸ್ ಕಳಿಸಿ ಎಂದು ಕೇಳಿದಾಗಲೆಲ್ಲ ಅಮ್ಮಾವ್ರದು ಒಂದೇ ಉತ್ತರ: "ಈ ನಾಯಿಮರಿಗೆ ಹೇಳಿದ ಮಾತು ಕೇಳೋದು ಕಲಿಸಿಬಿಡು. ಅವತ್ತೇ ಹೋಗುವೆಯಂತೆ."

ಅವನು ಹಟ ಹಿಡಿದು ಕಲಿಸಿದ. ತನ್ನ ಪಾಲಿನ ಮೊಟ್ಟೆಯನ್ನು ಚೂರು ಮಾಡಿ ಕೈಯಾರೆ ತಿನ್ನಿಸುತ್ತ, "ಸಿಟ್ ಅಂದ್ರ ಕುಂದ್ರಬೇಕಪಾ. ನನ್ನ ನೌಕರಿ ನಿನ್ನ ಕೈಯಾಗೈತಿ" ಎಂದು ಬೇಡಿಕೊಳ್ಳುತ್ತಿದ್ದ. ಎರಡೇ ತಿಂಗಳಲ್ಲಿ ಮರಿ 'ಸಿಟ್' ಅಂದರೆ ಕೂರತೊಡಗಿತು, 'ಸ್ಟೇ' ಅಂದರೆ ಬೆಕ್ಕು ಎದುರಿಗೆ ಹೋದರೂ ಅಲ್ಲಾಡುತ್ತಿರಲಿಲ್ಲ.

ಭಾನುವಾರ ಸಾಹೇಬರೇ ಅಂಗಳಕ್ಕೆ ಬಂದು "ಸಿಟ್" ಎಂದರು. ಮರಿ ಲಗಮಪ್ಪನ ಮುಖ ನೋಡಿತು. ಅಮ್ಮಾವ್ರು ಬಿಸ್ಕತ್ತು ತೋರಿಸಿ ಹೇಳಿದರು. ಆಗಲೂ ಅವನನ್ನೇ ನೋಡಿತು.

"ನೀನು ಹೇಳು" ಎಂದರು ಸಾಹೇಬರು.

ಲಗಮಪ್ಪ "ಸಿಟ್" ಎಂದು ಪಿಸುಗುಟ್ಟಿದ್ದೇ ತಡ, ಮರಿ ಕೂತಿತು.

ಅಮ್ಮಾವ್ರು ನಕ್ಕರು. "ನೋಡಿದ್ರಾ, ಇವನ ಮಾತು ಬಿಟ್ರೆ ಯಾರ ಮಾತೂ ಕೇಳಲ್ಲ ಇದು. ಇವನನ್ನ ಹೇಗೆ ಕಳಿಸೋದು?"

ಸಾಹೇಬರು ಮರಿಯ ತಲೆ ಸವರುತ್ತ ಕೇಳಿದರು. "ಈ ಜಾತಿ ನಾಯಿ ಎಷ್ಟು ವರ್ಷ ಬದುಕುತ್ತಪ್ಪಾ?"

"ಹನ್ನೆರಡು ವರ್ಷ ಸರ್" ಎಂದ ಲಗಮಪ್ಪ.